‘ಎಷ್ಟು?’ ಮತ್ತು ‘ಎಷ್ಟರಲ್ಲಿ ಎಷ್ಟು?’

ಸಂಖ್ಯಾಶಾಸ್ತ್ರದ ಪ್ರಶ್ನಪತ್ರಿಕೆಗಳಲ್ಲಿ ಒಂದು ಜಾತಿಯ ಲೆಕ್ಕವುಂಟು. ಅದರ ಪೂರ್ವಾರ್ಧವನ್ನು ಓದಿದವರು ಇದು ಪಾಯ್ಸಾನ್ ವಿತರಣೆಯ ಲೆಕ್ಕವೆಂದು ನಿಶ್ಚಯಿಸಿಬಿಡುತ್ತಾರೆ. ಉತ್ತರಾರ್ಧವನ್ನು ಓದಿದವರು ಅಲ್ಲ, ದ್ವಿಪದ ವಿತರಣೆಯದೆಂದು ವಾದಿಸುತ್ತಾರೆ. ಪರೀಕ್ಷಾ ಮಂದಿರದಿಂದ ಹೊರಬಿದ್ದ ಮೇಲೆ ಮರದ ನೆರಳಿನಲ್ಲಿ ನಡೆಯುವ ಈ ವಾಗ್ವಾದದಲ್ಲಿ ಇಬ್ಬರದೂ ಅರ್ಧರ್ಧ ಸರಿ. ಇಂಥ ಲೆಕ್ಕದಲ್ಲಿ ಎರಡು ವಿತರಣೆಗಳೂ ಇರುತ್ತವೆ. ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಕಂಡುಕೊಂಡರೆ ಉಳಿದದ್ದು ಬರಿಯ ಗುಣಾಕಾರ. ಆ ಸಂಧಿಯನ್ನು ಗುರುತಿಸುವ ಬಗೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಬೇಕೆಂದಿದ್ದೇನೆ. ಗಣಿತವನ್ನು ಹೈಸ್ಕೂಲಿನಲ್ಲಿಯೇ ಬೀಳ್ಕೊಟ್ಟ ಸಾಹಿತ್ಯದ ಮಿತ್ರರೂ ಪುಟ ತಿರುವಿಹಾಕದೆ ಓದಲೆಂದು ಸೂತ್ರಗಳನ್ನು ಮಾತಿನಲ್ಲಿಯೇ ಹೇಳಿದ್ದೇನೆ. ಉದಾಹರಣೆಯನ್ನಂತೂ ಅವರು ಈಗ ಕೈಯಲ್ಲಿ ಹಿಡಿದಿರುವ ವಸ್ತುವಿನಿಂದಲೇ, ಎಂದರೆ ಅಚ್ಚಾದ ಪುಟದಿಂದಲೇ, ಆರಿಸಿಕೊಂಡಿದ್ದೇನೆ.

ಮೊದಲು ದ್ವಿಪದ. ಒಂದು ಪ್ರಯೋಗವನ್ನು ಗೊತ್ತಾದಷ್ಟು ಸಲ ಮಾಡುತ್ತೇವೆ. ಪ್ರತಿಸಲವೂ ಎರಡೇ ಫಲ, ಆಯಿತು ಅಥವಾ ಆಗಲಿಲ್ಲ. ಆಗುವ ಸಂಭಾವ್ಯತೆ ಪ್ರತಿಸಲವೂ ಒಂದೇ. ಒಂದು ಸಲದ ಫಲ ಇನ್ನೊಂದನ್ನು ಬಾಧಿಸುವುದಿಲ್ಲ. ಇಷ್ಟಿದ್ದರೆ ‘ಎಷ್ಟರಲ್ಲಿ ಎಷ್ಟು?’ ಎಂಬ ಪ್ರಶ್ನೆಗೆ ದ್ವಿಪದವು ಉತ್ತರ ಕೊಡುತ್ತದೆ. ಬಾಸೆಲ್ ನಗರದ ಯಾಕೋಬ್ ಬರ್ನೂಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ ಗ್ರಂಥವು ಆತ ತೀರಿಕೊಂಡು ಎಂಟು ವರ್ಷಗಳಾದ ಮೇಲೆ, ೧೭೧೩ರಲ್ಲಿ, ಅಚ್ಚಾಯಿತು. ಇದು ನಮಗೆಲ್ಲ ಪರಿಚಿತವೇ, ಮುಂದೆ ಹೋಗೋಣ.

ಸಿಮೆಯೋಂ ಡೆನಿ ಪಾಯ್ಸಾನ್ (೧೭೮೧–೧೮೪೦) ಫ್ರಾನ್ಸಿನವನು. ಅವನ ಹೆಸರಿಗೆ ಫ್ರೆಂಚ್ ಭಾಷೆಯಲ್ಲಿ ಮೀನು ಎಂದು ಅರ್ಥ. ತರಗತಿಯಲ್ಲಿ ಈ ಸಂಗತಿಯನ್ನು ಹೇಳಿದರೆ ಹಿಂದಿನ ಬೆಂಚಿನವರೂ ಒಮ್ಮೆ ತಲೆಯೆತ್ತುತ್ತಾರೆ. ೧೮೩೭ರಲ್ಲಿ ಅವನು ನ್ಯಾಯಾಲಯಗಳ ತೀರ್ಪುಗಳ ಸಂಭಾವ್ಯತೆಯನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಇಂದು ಅವನ ಹೆಸರನ್ನು ಹೊತ್ತಿರುವ ವಿತರಣೆಗೆ ಅದರಲ್ಲಿ ಸಿಕ್ಕಿದ್ದು ತೀರ ಸ್ವಲ್ಪ ಜಾಗ. ಪ್ರಯೋಗಗಳು ಬಹಳ, ಪ್ರತಿಯೊಂದರಲ್ಲಿ ಘಟನೆ ಆಗುವ ಸಂಭವ ಬಹಳ ಕಡಿಮೆ, ಎರಡರ ಗುಣಲಬ್ಧ ಮಾತ್ರ ಒಂದು ಸಾಧಾರಣ ಸಂಖ್ಯೆ ಎನ್ನುವಂತಿದ್ದಾಗ ದ್ವಿಪದವು ತಾಳುವ ರೂಪವೇ ಇದು. ಒಂದು ಪುಟದಲ್ಲಿ ೧೫೦೦ ಅಕ್ಷರಗಳಿವೆ, ಯಾವುದೇ ಅಕ್ಷರ ತಪ್ಪಾಗಿ ಬೀಳುವ ಸಂಭಾವ್ಯತೆ ೭೫೦ರಲ್ಲಿ ೧ ಎಂದಿಟ್ಟುಕೊಳ್ಳಿ. ಪುಟಕ್ಕೆ ಸರಾಸರಿ ೨ ತಪ್ಪು. ಪುಟ ನಿರ್ದೋಷವಾಗಿರುವ ಸಂಭಾವ್ಯತೆಯನ್ನು ದ್ವಿಪದದಿಂದ ಲೆಕ್ಕಹಾಕಿದರೆ ೦.೧೩೫೨, ಪಾಯ್ಸಾನನಿಂದ ೦.೧೩೫೩. ಹತ್ತುಸಾವಿರದಲ್ಲಿ ಒಂದು ಅಂಶದ ವ್ಯತ್ಯಾಸ! ಆದರೆ ಪಾಯ್ಸಾನನಿಗೆ ಅಕ್ಷರಗಳು ಎಷ್ಟೆಂದು ಎಣಿಸುವ ಅಗತ್ಯವೇ ಇಲ್ಲ. ಸರಾಸರಿಯೊಂದು ಗೊತ್ತಿದ್ದರೆ ಸಾಕು. ಅವನ ಪ್ರಶ್ನೆ ‘ಎಷ್ಟರಲ್ಲಿ ಎಷ್ಟು?’ ಎಂದಲ್ಲ, ಬರಿಯ ‘ಎಷ್ಟು?’

ಸೂತ್ರವನ್ನು ನೆನಪಿಡಲು ಸುಲಭವಾದ ದಾರಿ ಹೀಗೆ. ಗಣಿತಜ್ಞರು ಇ ಎಂದು ಕರೆಯುವ, ಸುಮಾರು ೨.೭೧೮೩ ಬೆಲೆಯ ಸಂಖ್ಯೆಯನ್ನು ಸರಾಸರಿಯಷ್ಟು ಘಾತಕ್ಕೇರಿಸಿ, ೧ನ್ನು ಅದರಿಂದ ಭಾಗಿಸಿದರೆ ಸೊನ್ನೆ ಘಟನೆಗಳ ಸಂಭಾವ್ಯತೆ ಸಿಗುತ್ತದೆ. ಅದನ್ನು ಸರಾಸರಿಯಿಂದ ಗುಣಿಸಿದರೆ ಒಂದು ಘಟನೆಯದು. ಅದನ್ನು ಮತ್ತೆ ಸರಾಸರಿಯಿಂದ ಗುಣಿಸಿ ೨ರಿಂದ ಭಾಗಿಸಿದರೆ ಎರಡರದು. ಹಾಗೆಯೇ ಗುಣಿಸಿ ೩ರಿಂದ ಭಾಗಿಸಿದರೆ ಮೂರರದು. ಸರಾಸರಿ ೨ ಆದಾಗ ಈ ಏಣಿಯ ಮೆಟ್ಟಿಲುಗಳು ೦.೧೩೫೩, ೦.೨೭೦೭, ೦.೨೭೦೭, ೦.೧೮೦೪, ೦.೦೯೦೨, ೦.೦೩೬೧, ಹೀಗೆ ಇಳಿಯುತ್ತ ಹೋಗುತ್ತವೆ.

ಇದು ಬರಿಯ ಕಾಗದದ ಮೇಲಿನ ಆಟವಲ್ಲವೆಂಬುದಕ್ಕೆ ಬಾರ್ಟ್‌ಕೀವಿಚ್ ೧೮೯೮ರಲ್ಲಿ ಪ್ರಕಟಿಸಿದ ಅಂಕಿಅಂಶಗಳು ಪ್ರಸಿದ್ಧ ಸಾಕ್ಷಿ. ಪ್ರಷ್ಯದ ಸೈನ್ಯದ ೧೦ ದಳಗಳಲ್ಲಿ ೨೦ ವರ್ಷಗಳಲ್ಲಿ ಕುದುರೆಯ ಒದೆತದಿಂದ ಸತ್ತವರು ೧೨೨ ಮಂದಿ. ಎಂದರೆ ದಳಕ್ಕೆ ವರ್ಷಕ್ಕೆ ಸರಾಸರಿ ೦.೬೧. ಒಟ್ಟು ೨೦೦ ದಳವರ್ಷಗಳಲ್ಲಿ ಒಬ್ಬರೂ ಸಾಯದವು ೧೦೯. ಪಾಯ್ಸಾನನ ಲೆಕ್ಕದಂತೆ ೧೦೮.೭ ಇರಬೇಕು. ಒಬ್ಬೊಬ್ಬರು ಸತ್ತವು ೬೫, ಲೆಕ್ಕದಂತೆ ೬೬.೩. ಕುದುರೆಗಳಿಗೆ ಪಾಯ್ಸಾನ್ ಯಾರೆಂದು ಗೊತ್ತಿರಲಿಲ್ಲ ಎಂಬುದನ್ನು ನೆನೆದರೆ ಈ ಹೊಂದಾಣಿಕೆ ನಿಜವಾಗಿಯೂ ಸೋಜಿಗವೇ.

ಈಗ ಎರಡೂ ಸೇರುವ ಲೆಕ್ಕಗಳಿಗೆ ಬರೋಣ. ಅತ್ಯಂತ ಸರಳವಾದದ್ದು ಇದು: ಪುಟಕ್ಕೆ ಸರಾಸರಿ ೨ ತಪ್ಪುಗಳಿರುವ ಪುಸ್ತಕದ ಎಂಟು ಪುಟಗಳ ಒಂದು ಫಾರಂನಲ್ಲಿ ಸರಿಯಾಗಿ ಎರಡು ಪುಟಗಳು ನಿರ್ದೋಷವಾಗಿರುವ ಸಂಭಾವ್ಯತೆಯೆಷ್ಟು? ಇಲ್ಲಿ ತಪ್ಪುಗಳನ್ನು ಎಣಿಸುವುದು ಒಂದು ಎಣಿಕೆ, ಪುಟಗಳನ್ನು ಎಣಿಸುವುದು ಇನ್ನೊಂದು ಎಣಿಕೆ. ಪುಟದೊಳಗೆ ತಪ್ಪುಗಳಿಗೆ ಗೊತ್ತಾದ ಮೇಲ್ಮಿತಿಯಿಲ್ಲ, ಆದ್ದರಿಂದ ಅಲ್ಲಿ ಪಾಯ್ಸಾನ್. ಪುಟಗಳಿಗಾದರೋ ಎಂಟು ಎಂಬ ಕಟ್ಟು ಇದೆ, ಆದ್ದರಿಂದ ಅಲ್ಲಿ ದ್ವಿಪದ. ಪಾಯ್ಸಾನನಿಂದ ಒಂದು ಪುಟ ನಿರ್ದೋಷವಾಗಿರುವ ಸಂಭಾವ್ಯತೆ ೦.೧೩೫೩ ಎಂದು ಪಡೆದು, ಅದನ್ನೇ ದ್ವಿಪದದ ಕೈಗೆ ಯಶಸ್ಸಿನ ಸಂಭಾವ್ಯತೆಯೆಂದು ಒಪ್ಪಿಸಬೇಕು. ಎಂಟರಲ್ಲಿ ಎರಡು ಪುಟಗಳನ್ನು ಆರಿಸುವ ವಿಧಗಳು ೨೮, ೨೮ನ್ನು ೦.೧೩೫೩ರ ವರ್ಗದಿಂದಲೂ ೦.೮೬೪೭ರ ಆರನೆಯ ಘಾತದಿಂದಲೂ ಗುಣಿಸಿದರೆ ೦.೨೧೪೩. ಸುಮಾರು ಐದರಲ್ಲಿ ಒಂದು ಸಲ.

ಅವಸರದವರು ಇಲ್ಲಿ ಎರಡು ಕಡೆ ಜಾರುವುದುಂಟು. ಎಂಟು ಪುಟಗಳಿಗೆ ಸರಾಸರಿ ೧೬ ತಪ್ಪು ಎಂದು ತೆಗೆದುಕೊಂಡು ಪಾಯ್ಸಾನನಲ್ಲಿ ೨ರ ಸಂಭಾವ್ಯತೆಯನ್ನು ಹುಡುಕಿದರೆ ಲಕ್ಷಕ್ಕೆ ಒಂದೂವರೆಯಷ್ಟು ಬರುತ್ತದೆ. ಅದು ಇಡೀ ಫಾರಂನಲ್ಲಿ ಎರಡೇ ತಪ್ಪುಗಳಿರುವ ಸಂಭಾವ್ಯತೆ, ಬೇರೆಯದೇ ಪ್ರಶ್ನೆಯ ಉತ್ತರ. ಎರಡನೆಯ ಜಾರು ಇನ್ನೂ ನುಣುಪು: ನಿರ್ದೋಷ ಪುಟಗಳ ಸರಾಸರಿ ೧.೦೮ ಆಗುವುದರಿಂದ ಅದಕ್ಕೂ ಪಾಯ್ಸಾನನ್ನೇ ಹಚ್ಚಿದರೆ ೦.೧೯೮೫ ಬರುತ್ತದೆ. ಉತ್ತರದ ಹತ್ತಿರಕ್ಕೆ ಬಂದಿರುವುದರಿಂದ ಸರಿಯೆನ್ನಿಸುತ್ತದೆ, ಆದರೆ ಸರಿಯಲ್ಲ. ಪಾಯ್ಸಾನನಿಗೆ ಕಟ್ಟಿಲ್ಲ, ಎಂಟು ಪುಟಗಳಲ್ಲಿ ಒಂಬತ್ತು ನಿರ್ದೋಷ ಪುಟಗಳಿರುವುದಕ್ಕೂ ಅವನು ಒಂದಿಷ್ಟು ಸಂಭಾವ್ಯತೆಯನ್ನು ಹಂಚಿಕೊಟ್ಟುಬಿಡುತ್ತಾನೆ.

ಎರಡನೆಯ ಬಗೆಯ ಲೆಕ್ಕದಲ್ಲಿ ಕ್ರಮ ತಿರುಗುಮುರುಗು. ಮೊದಲು ಪಾಯ್ಸಾನ್ ಪ್ರಕಾರ ತಪ್ಪುಗಳು ಹುಟ್ಟುತ್ತವೆ. ಆಮೇಲೆ ಪ್ರತಿಯೊಂದು ತಪ್ಪೂ ಕರಡು ತಿದ್ದುವವರ ಕಣ್ಣಿಗೆ ಬೀಳುತ್ತದೆ ಅಥವಾ ಬೀಳುವುದಿಲ್ಲ. ಈಗ ಮೊಳೆ ಜೋಡಿಸುವ ಕಾಲ ಹೋಗಿ ಗಣಕಯಂತ್ರದ ಕಾಲ ಬಂದಿದೆ. ತಪ್ಪುಗಳು ಮಾತ್ರ ಹಳೆಯ ಮನೆಯನ್ನು ಬಿಟ್ಟು ಹೊಸ ಮನೆಗೂ ಬಂದು ಸುಖವಾಗಿವೆ. ತಿದ್ದುವವರು ಯಾವುದೇ ತಪ್ಪನ್ನು ಹಿಡಿಯುವ ಸಂಭಾವ್ಯತೆ ೦.೭೫ ಎಂದುಕೊಳ್ಳೋಣ. ಕರಡು ತಿದ್ದಿದ ಮೇಲೆ ಪುಟ ನಿರ್ದೋಷವಾಗಿರುವ ಸಂಭಾವ್ಯತೆಯೆಷ್ಟು?

ಇಲ್ಲಿ ತೊಡಕೇನೆಂದರೆ ದ್ವಿಪದಕ್ಕೆ ‘ಎಷ್ಟರಲ್ಲಿ’ ಎಂಬುದೇ ಗೊತ್ತಿಲ್ಲ. ಪುಟದಲ್ಲಿ ಮೂಲತಃ ಎಷ್ಟು ತಪ್ಪುಗಳಿದ್ದವೋ ಯಾರು ಬಲ್ಲರು? ಆದ್ದರಿಂದ ಪ್ರತಿಯೊಂದು ಸಾಧ್ಯತೆಯನ್ನೂ ಬೇರೆಬೇರೆಯಾಗಿ ಹಿಡಿದು ಕೂಡಬೇಕು. ತಪ್ಪೇ ಇಲ್ಲದಿದ್ದರೆ ೦.೧೩೫೩. ಒಂದೇ ತಪ್ಪಿದ್ದು ಅದು ಸಿಕ್ಕಿದ್ದರೆ ೦.೨೭೦೭ ಗುಣಿಸು ೦.೭೫, ಎಂದರೆ ೦.೨೦೩೦. ಎರಡಿದ್ದು ಎರಡೂ ಸಿಕ್ಕಿದ್ದರೆ ೦.೧೫೨೩. ಮೂರಾದರೆ ೦.೦೭೬೧, ನಾಲ್ಕಾದರೆ ೦.೦೨೮೫, ಐದಾದರೆ ೦.೦೦೮೬, ಆರಾದರೆ ೦.೦೦೨೧, ಏಳಾದರೆ ೦.೦೦೦೫, ಎಂಟಾದರೆ ೦.೦೦೦೧. ಎಲ್ಲವನ್ನೂ ಕೂಡಿದರೆ ೦.೬೦೬೫. ಇನ್ನು ಸರಾಸರಿ ೦.೫ ಇರುವ ಪಾಯ್ಸಾನನಲ್ಲಿ ಸೊನ್ನೆಯ ಸಂಭಾವ್ಯತೆ ಎಷ್ಟೆಂದು ಕೋಷ್ಟಕವನ್ನು ನೋಡಿ: ಅದೂ ೦.೬೦೬೫! ಎರಡರ ಕಾಲುಭಾಗವೇ ಅರ್ಧ. ಇದು ಕಾಕತಾಳೀಯವಲ್ಲ. ಒಂದು ತಪ್ಪು ಉಳಿದಿರುವ, ಎರಡು ತಪ್ಪು ಉಳಿದಿರುವ ಸಂಭಾವ್ಯತೆಗಳನ್ನು ಹೀಗೆಯೇ ಕೂಡಿ ನೋಡಿದರೂ ಸರಾಸರಿ ೦.೫ರ ಪಾಯ್ಸಾನನೇ ಎದುರಾಗುತ್ತಾನೆ. ಪಾಯ್ಸಾನ್ ಸಂಖ್ಯೆಯೊಂದನ್ನು ದ್ವಿಪದದ ಜರಡಿಯಲ್ಲಿ ಸೋಸಿದರೆ ಕೆಳಗೆ ಬಿದ್ದದ್ದೂ ಪಾಯ್ಸಾನ್, ಮೇಲೆ ಉಳಿದದ್ದೂ ಪಾಯ್ಸಾನ್. ಸರಾಸರಿ ಮಾತ್ರ ಆಯಾ ಪಾಲಿನಷ್ಟು. ಇದನ್ನು ಬಲ್ಲವರು ಪರೀಕ್ಷೆಯಲ್ಲಿ ಒಂಬತ್ತು ಸಾಲುಗಳನ್ನು ಬರೆಯುವಲ್ಲಿ ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಬಹುದು.

೧೯೧೦ರಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಮ್ಯಾಂಚೆಸ್ಟರಿನಲ್ಲಿ ಆಲ್ಫಾ ಕಣಗಳು ತೆರೆಯ ಮೇಲೆ ಮೂಡಿಸುವ ಮಿಂಚುಗಳನ್ನು ಎಣಿಸಿದಾಗಲೂ ಈ ಜರಡಿ ಕೆಲಸ ಮಾಡುತ್ತಿತ್ತು. ವಿಕಿರಣ ವಸ್ತುವಿನಿಂದ ಕಣಗಳು ಎಲ್ಲ ದಿಕ್ಕಿಗೂ ಹಾರುತ್ತವೆ. ತೆರೆಗೆ ತಾಕುವುದು ಅಲ್ಪಭಾಗ. ಆದರೂ ೭.೫ ಸೆಕೆಂಡುಗಳ ೨೬೦೮ ಅವಧಿಗಳಲ್ಲಿ ಕಂಡ ೧೦,೦೯೭ ಮಿಂಚುಗಳ ಎಣಿಕೆ ಪಾಯ್ಸಾನನನ್ನೇ ಅನುಸರಿಸಿತು. ಮೂರು ಮಿಂಚುಗಳಿದ್ದ ಅವಧಿಗಳು ಲೆಕ್ಕದಂತೆ ೫೨೫.೩ ಇರಬೇಕಾಗಿತ್ತು, ಇದ್ದದ್ದು ೫೨೫. ಎಲ್ಲ ಸಾಲುಗಳೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲವೆನ್ನಿ. ನಾಲ್ಕು ಮಿಂಚುಗಳ ಸಾಲಿನಲ್ಲಿ ಲೆಕ್ಕ ೫೦೮, ಕಂಡದ್ದು ೫೩೨.

ಈ ಜರಡಿಯಿಂದ ಇನ್ನೊಂದು ಫಲವೂ ಹೊರಡುತ್ತದೆ. ಮೊದಲ ಸಲ ಕೇಳಿದವರು ಅದನ್ನು ಒಪ್ಪುವುದೇ ಇಲ್ಲ. ಸಿಕ್ಕಿದ ತಪ್ಪುಗಳ ಸಂಖ್ಯೆಗೂ ಉಳಿದ ತಪ್ಪುಗಳ ಸಂಖ್ಯೆಗೂ ಪರಸ್ಪರ ಯಾವ ಸಂಬಂಧವೂ ಇಲ್ಲ! ಒಂದು ಪುಟದಲ್ಲಿ ಆರು ತಪ್ಪು ಸಿಕ್ಕಿರಲಿ, ಇನ್ನೊಂದರಲ್ಲಿ ಒಂದೂ ಸಿಗದಿರಲಿ, ಎರಡರಲ್ಲಿಯೂ ಉಳಿದಿರುವ ತಪ್ಪುಗಳ ಸರಾಸರಿ ಅದೇ ೦.೫. ‘ಆರನ್ನು ಹಿಡಿದಾಯಿತಲ್ಲ, ಇನ್ನೆಷ್ಟಿದ್ದೀತು’ ಎಂಬ ಸಮಾಧಾನಕ್ಕೂ ‘ಆರು ಸಿಕ್ಕಿತೆಂದರೆ ಇನ್ನೂ ಎಷ್ಟಿರಬೇಡ’ ಎಂಬ ಆತಂಕಕ್ಕೂ ಸಮಾನವಾಗಿ ಆಧಾರವಿಲ್ಲ. ಪುಟದಲ್ಲಿ ತಪ್ಪುಗಳು ಸರಿಯಾಗಿ ಹತ್ತು ಎಂದು ಮೊದಲೇ ಗೊತ್ತಿದ್ದರೆ ಸಮಾಧಾನದವರು ಸರಿ. ಪುಟಗಳಲ್ಲಿ ಕೆಲವು ಒಳ್ಳೆಯ ಹಸ್ತಪ್ರತಿಯಿಂದ, ಕೆಲವು ಕಾಗೆಕಾಲು ಬರೆಹದಿಂದ ಬಂದವಾಗಿ ಸರಾಸರಿಯೇ ಪುಟದಿಂದ ಪುಟಕ್ಕೆ ಬದಲಾಗುತ್ತಿದ್ದರೆ ಆತಂಕದವರು ಸರಿ. ಈ ಎರಡರ ನಡುವಿನ ಕೂದಲೆಳೆಯ ಮೇಲೆ ಪಾಯ್ಸಾನ್ ನಿಂತಿದ್ದಾನೆ. ನಿಜವಾದ ಪತ್ರಿಕೆಗಳಲ್ಲಿ ಆತಂಕದವರ ಪಕ್ಷವೇ ಬಲವಾಗಿರುವುದೆಂದು ನನ್ನ ಅಭಿಪ್ರಾಯ.

ಈ ಪ್ರಸಂಗದಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದವರೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಜನಿಸಿ, ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಬಹುಕಾಲ ದುಡಿದು, ೨೦೨೩ರಲ್ಲಿ ೧೦೨ನೆಯ ವಯಸ್ಸಿನಲ್ಲಿ ನಿಧನರಾದ ಸಿ. ಆರ್. ರಾವ್ ಅವರು ಹರ್ಮನ್ ರೂಬಿನ್ ಎಂಬವರೊಡನೆ ೧೯೬೪ರಲ್ಲಿ ‘ಸಾಂಖ್ಯ’ ಪತ್ರಿಕೆಯಲ್ಲಿ ಈ ಮಾತನ್ನು ತಿರುಗಿಸಿ ತೋರಿಸಿದರು. ನಮ್ಮ ಉದಾಹರಣೆಯ ಭಾಷೆಯಲ್ಲಿ ಹೇಳುವುದಾದರೆ, ತಪ್ಪುಗಳೆಲ್ಲವೂ ಸಿಕ್ಕಿದ ಪುಟಗಳನ್ನು ಒಂದು ಕಡೆ, ಒಂದಾದರೂ ತಪ್ಪಿಸಿಕೊಂಡ ಪುಟಗಳನ್ನು ಇನ್ನೊಂದು ಕಡೆ ಇಡಿ. ಎರಡು ರಾಶಿಗಳಲ್ಲಿಯೂ ಸಿಕ್ಕಿದ ತಪ್ಪುಗಳ ವಿತರಣೆ ಒಂದೇ ಆಗಿದ್ದರೆ ಮೂಲದಲ್ಲಿ ತಪ್ಪುಗಳು ಪಾಯ್ಸಾನ್ ವಿತರಣೆಯಲ್ಲಿಯೇ ಇದ್ದಿರಬೇಕು. ಬೇರಾವ ವಿತರಣೆಗೂ ಈ ಗುಣವಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದು ರಾವ್–ರೂಬಿನ್ ಪ್ರಮೇಯವೆಂದು ಪ್ರಸಿದ್ಧವಾಗಿದೆ.

ತಿದ್ದುವವರ ಸಾಮರ್ಥ್ಯ ೦.೭೫ ಎಂದು ನಮಗೆ ಹೇಗೆ ಗೊತ್ತು ಎಂದು ಕೆಲವರಾದರೂ ಕೇಳುವರು. ಒಬ್ಬರೇ ಓದಿದರೆ ಗೊತ್ತಾಗುವುದಿಲ್ಲ, ಕಾಣದ್ದನ್ನು ಎಣಿಸುವುದೆಂತು? ಇಬ್ಬರು ಬೇರೆಬೇರೆಯಾಗಿ ಓದಿದರೆ ಗೊತ್ತಾಗುತ್ತದೆ. ಹಂಗರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ ತೊಂಬತ್ತರ ಸಮೀಪದ ವಯಸ್ಸಿನಲ್ಲಿ, ೧೯೭೬ರಲ್ಲಿ, ಇದನ್ನು ಕುರಿತು ಪುಟ್ಟ ಲೇಖನವೊಂದನ್ನು ಬರೆದರು. ಮೊದಲನೆಯವರಿಗೆ ೪೦ ತಪ್ಪು, ಎರಡನೆಯವರಿಗೆ ೩೬, ಇಬ್ಬರಿಗೂ ಕಂಡವು ೩೦ ಎಂದಿಟ್ಟುಕೊಳ್ಳಿ. ಎರಡನೆಯವರು ಹಿಡಿದ ೩೬ರಲ್ಲಿ ಮೊದಲನೆಯವರು ೩೦ನ್ನು ಹಿಡಿದಿದ್ದಾರೆ. ಅವರ ಸಾಮರ್ಥ್ಯ ಆರರಲ್ಲಿ ಐದು. ಅಷ್ಟು ಸಾಮರ್ಥ್ಯದಿಂದ ೪೦ ಸಿಕ್ಕಿದ್ದರೆ ಒಟ್ಟು ತಪ್ಪುಗಳು ೪೮ ಇರಬೇಕು. ಇಬ್ಬರೂ ಸೇರಿ ಹಿಡಿದದ್ದು ೪೬. ಆದ್ದರಿಂದ ಯಾರಿಗೂ ಕಾಣದವು ಸುಮಾರು ೨. ಕೆರೆಯ ಮೀನುಗಳನ್ನು ಹಿಡಿದು ಗುರುತುಮಾಡಿ ಬಿಟ್ಟು, ಮತ್ತೆ ಬಲೆ ಬೀಸಿ ಒಟ್ಟು ಎಷ್ಟೆಂದು ಅಂದಾಜುಮಾಡುವ ವಿಧಾನವೂ ಇದೇ. ನಮ್ಮ ಪಾಯ್ಸಾನ್ ಮಹಾಶಯ ಕಡೆಗೂ ಬಲೆಗೆ ಬಿದ್ದನೆನ್ನಬಹುದು. ಆದರೆ ಕನ್ನಡದ ಕರಡಿನಲ್ಲಿ ಎಚ್ಚರ ಬೇಕು. ಬಿಟ್ಟುಹೋದ ಪದ ಇಬ್ಬರಿಗೂ ಕಾಣುತ್ತದೆ. ಮಹಾಪ್ರಾಣದ ಸೀಳು, ಬಿಟ್ಟುಹೋದ ಒತ್ತು, ಶಕಾರ ಷಕಾರಗಳ ಅದಲುಬದಲು ಇಬ್ಬರ ಕಣ್ಣನ್ನೂ ತಪ್ಪಿಸುತ್ತವೆ. ಆಗ ಅಂದಾಜು ನಿಜಕ್ಕಿಂತ ಕಡಿಮೆಯಾಗುತ್ತದೆ.

ಮೇಲಿನ ಎರಡು ಬಗೆಗಳನ್ನೂ ಒಟ್ಟಿಗೆ ಹೆಣೆದ ಲೆಕ್ಕವೊಂದನ್ನು ನಮ್ಮ ಸಂಪಾದಕ ಸಮಿತಿಯ ಅವಗಾಹನೆಗಾಗಿ ಬಿಡಿಸಿದ್ದೇನೆ. ಎಂಟು ಪುಟಗಳ ಫಾರಂನಲ್ಲಿ ಕಡಮೆಯೆಂದರೆ ಏಳು ಪುಟಗಳು ನಿರ್ದೋಷವಾಗಿರಬೇಕು. ಒಬ್ಬರೇ ತಿದ್ದಿದರೆ ಪುಟದ ಸರಾಸರಿ ೦.೫, ನಿರ್ದೋಷದ ಸಂಭಾವ್ಯತೆ ೦.೬೦೬೫, ಅದನ್ನು ದ್ವಿಪದಕ್ಕೆ ಒಪ್ಪಿಸಿದರೆ ಉತ್ತರ ೦.೧೧೩೪. ಅಷ್ಟೇ ಸಮರ್ಥರಾದ ಇನ್ನೊಬ್ಬರೂ ತಿದ್ದಿದರೆ ಸರಾಸರಿ ೦.೧೨೫ಕ್ಕೆ ಇಳಿದು ನಿರ್ದೋಷದ ಸಂಭಾವ್ಯತೆ ೦.೮೮೨೫ ಆಗುತ್ತದೆ, ಉತ್ತರ ೦.೭೫೯೭. ನೂರಕ್ಕೆ ಹನ್ನೊಂದರಿಂದ ಎಪ್ಪತ್ತಾರಕ್ಕೆ!

ಮೂರನೆಯ ಬಗೆ ಇವೆರಡಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಅಲ್ಲಿ ಜನರ ಪ್ರಾಣದ ಮಾತು ಬರುತ್ತದೆ. ಊರ ಹೊರಗಿನ ಒಂದು ತಿರುವಿನಲ್ಲಿ ಒಂದು ವರ್ಷದಲ್ಲಿ ೯ ಅಪಘಾತಗಳಾದವು. ಜನ ಗಲಾಟೆಮಾಡಿದ ಮೇಲೆ ರಸ್ತೆಗೆ ಅಡ್ಡಲಾಗಿ ಉಬ್ಬು ಹಾಕಿದರು. ಮುಂದಿನ ವರ್ಷ ಆದದ್ದು ೩. ಉಬ್ಬಿನಿಂದ ಪ್ರಯೋಜನವಾಯಿತೇ? ಹೌದೆಂದು ಹೇಳಲು ನಾಲಗೆ ತವಕಿಸುತ್ತದೆ. ಸಂಖ್ಯೆಗಳು ಕಲ್ಪಿತವಾದರೂ ಇಂಥ ತಿರುವು ಯಾವ ಊರಿಗೆ ಇಲ್ಲ?

ಎರಡು ವರ್ಷಗಳ ಅಪಘಾತಗಳೂ ಪಾಯ್ಸಾನ್ ಪ್ರಕಾರ ನಡೆದವೆನ್ನೋಣ. ಅವುಗಳ ಸರಾಸರಿ ನಮಗೆ ಗೊತ್ತಿಲ್ಲ, ಗೊತ್ತಾಗುವ ಬಗೆಯೂ ಇಲ್ಲ. ಆದರೆ ಒಟ್ಟು ೧೨ ಎಂಬುದನ್ನು ಹಿಡಿದುಕೊಂಡು, ಆ ಹನ್ನೆರಡರಲ್ಲಿ ಎರಡನೆಯ ವರ್ಷದ ಪಾಲೆಷ್ಟು ಎಂದು ಕೇಳಿದೊಡನೆ ‘ಎಷ್ಟು?’ ಎಂಬುದು ‘ಎಷ್ಟರಲ್ಲಿ ಎಷ್ಟು?’ ಆಗಿಬಿಡುತ್ತದೆ. ಎರಡು ಪಾಯ್ಸಾನ್ ಸಂಭಾವ್ಯತೆಗಳ ಗುಣಲಬ್ಧವನ್ನು ಒಟ್ಟಿನ ಪಾಯ್ಸಾನ್ ಸಂಭಾವ್ಯತೆಯಿಂದ ಭಾಗಿಸುವಾಗ ಇ ಇರುವ ಪದಗಳೆಲ್ಲ ಹೊಡೆದುಹೋಗಿ ಅಪ್ಪಟ ದ್ವಿಪದ ಉಳಿಯುತ್ತದೆ. ಉಬ್ಬಿನಿಂದ ಏನೂ ಆಗಿಲ್ಲವೆಂದರೆ ಎರಡು ವರ್ಷಗಳ ಸರಾಸರಿಯೂ ಒಂದೇ. ಪ್ರತಿಯೊಂದು ಅಪಘಾತವೂ ಈ ವರ್ಷದ್ದೋ ಆ ವರ್ಷದ್ದೋ ಎಂಬುದು ನಾಣ್ಯ ಚಿಮ್ಮಿದಂತೆ. ಗೊತ್ತಿಲ್ಲದ ಸರಾಸರಿ ತಾನಾಗಿಯೇ ಮಾಯವಾಯಿತು! ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೆಜ್ಜೆ ಇದು.

ಹನ್ನೆರಡು ನಾಣ್ಯಗಳಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ತಲೆ ಬೀಳುವ ವಿಧಗಳು ೧, ೧೨, ೬೬, ೨೨೦, ಒಟ್ಟು ೨೯೯. ಎಲ್ಲ ವಿಧಗಳು ೪೦೯೬. ಭಾಗಿಸಿದರೆ ೦.೦೭೩. ಎಂದರೆ ಉಬ್ಬಿನಿಂದ ಏನೇನೂ ಪ್ರಯೋಜನವಾಗದಿದ್ದರೂ ಹದಿನಾಲ್ಕರಲ್ಲಿ ಒಂದು ಸಲ ಇಷ್ಟು ಇಳಿತ ಬರಿಯ ದೈವಯೋಗದಿಂದ ಕಾಣಬಹುದು. ಉಬ್ಬು ಹಾಕಿ ಎಂಟೇ ತಿಂಗಳಾಗಿದ್ದರೆ ನಾಣ್ಯ ಸಮವಾಗಿರುವುದಿಲ್ಲ. ಇಪ್ಪತ್ತು ತಿಂಗಳಲ್ಲಿ ಎಂಟು, ಎಂದರೆ ೦.೪. ಆಗ ಅದೇ ಲೆಕ್ಕ ೦.೨೨೫ ಕೊಡುತ್ತದೆ. ಸುಮಾರು ನಾಲ್ಕೂವರೆಯಲ್ಲಿ ಒಂದು. ಅದನ್ನು ನಂಬಿ ಮೆಚ್ಚುಗೆಯ ಸಭೆ ಕರೆಯುವುದು ಅವಸರ.

ಇದರ ಮೇಲೆ ಇನ್ನೆರಡು ತೊಡಕುಗಳಿವೆ. ಉಬ್ಬನ್ನು ಆ ತಿರುವಿನಲ್ಲಿಯೇ ಹಾಕಿದ್ದು ಏಕೆ? ಆ ವರ್ಷ ಅಲ್ಲಿ ಅಪಘಾತಗಳು ಹೆಚ್ಚಾದವೆಂದು. ಎಂದಿಲ್ಲದಷ್ಟು ಕೆಟ್ಟ ವರ್ಷವನ್ನೇ ಆರಿಸಿ ಅದರೊಡನೆ ಹೋಲಿಸಿದರೆ ಮುಂದಿನ ವರ್ಷ, ಏನೂ ಮಾಡದಿದ್ದರೂ, ಬಹುಮಟ್ಟಿಗೆ ಉತ್ತಮವಾಗಿಯೇ ಕಾಣುತ್ತದೆ. ಆದ್ದರಿಂದ ಉಬ್ಬಿಗೆ ಮುಂಚಿನ ಒಂದು ವರ್ಷವನ್ನಲ್ಲ, ಹಲವು ವರ್ಷಗಳನ್ನು ಹಿಡಿಯಬೇಕು. ಎರಡನೆಯದಾಗಿ, ಎಣಿಸಬೇಕಾದದ್ದು ಅಪಘಾತಗಳನ್ನೇ ಹೊರತು ಗಾಯಗೊಂಡವರನ್ನಲ್ಲ. ಒಂದು ಬಸ್ಸು ಉರುಳಿದರೆ ಮೂವತ್ತು ಮಂದಿಗೆ ಒಟ್ಟಿಗೆ ಪೆಟ್ಟಾಗುತ್ತದೆ. ಅವು ಮೂವತ್ತು ಸ್ವತಂತ್ರ ಘಟನೆಗಳಲ್ಲವಾದುದರಿಂದ ಅಲ್ಲಿ ಪಾಯ್ಸಾನನೂ ಇಲ್ಲ, ನಾಣ್ಯವೂ ಇಲ್ಲ.

ಹಾಗೆಂದು ಉಬ್ಬನ್ನು ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ೦.೦೭೩ ಎಂಬುದು ಪ್ರಯೋಜನವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಸಾಕ್ಷ್ಯ ಇನ್ನೂ ಸಾಲದೆಂಬುದರ ಗುರುತು. ಎಣಿಕೆಯನ್ನು ಮುಂದುವರಿಸಬೇಕು. ಉಬ್ಬಿಗೆ ಮುಂಚಿನ ಮೂರು ವರ್ಷಗಳಲ್ಲಿ ೨೭, ಆಮೇಲಿನ ಮೂರು ವರ್ಷಗಳಲ್ಲಿ ೯ ಎಂದು ಅದೇ ಪ್ರಮಾಣ ಕಂಡುಬಂದರೆ, ೩೬ ನಾಣ್ಯಗಳಲ್ಲಿ ಒಂಬತ್ತು ಅಥವಾ ಅದಕ್ಕಿಂತ ಕಡಿಮೆ ತಲೆ ಬೀಳುವ ಸಂಭಾವ್ಯತೆ ೦.೦೦೨, ಐನೂರರಲ್ಲಿ ಒಂದು. ಆಗ ಪಕ್ಕದ ಊರಿನ ತಿರುವಿಗೂ ಉಬ್ಬು ಬೇಕೆಂದು ಧೈರ್ಯವಾಗಿ ಅರ್ಜಿ ಬರೆಯಬಹುದು.